ಮುದ್ದೆ ಮನೆಯ ಲಟ್ಟಣಿಗೆ

ನಾನು ಒಂದು ಲಟ್ಟಣಿಗೆ. ಚನ್ನಪಟ್ಟಣದಲ್ಲಿ ಮರ ಕಡೆಯುವ ಯಂತ್ರದ ಮೇಲೆ ಗಿರಗಿರನೆ ತಿರುಗಿ ಹುಟ್ಟಿದವನು. ನನ್ನ ಜೊತೆ ಕಡೆದ ತುಂಡುಗಳೆಲ್ಲ ಬುಗುರಿಯಾದವು, ಗಿಲಕಿಯಾದವು, ಮಕ್ಕಳ ಕೈ ಸೇರಿದವು. ನನಗೆ ಬಂದದ್ದು ಹಿಟ್ಟಿನ ಹಣೆಬರಹ. ಇರಲಿ ಎಂದುಕೊಂಡೆ, ದುಂಡಗೆ ಚಪಾತಿ ಲಟ್ಟಿಸುವುದೇನು ಸಣ್ಣ ಕೆಲಸವೇ?

ಆದರೆ ನನ್ನನ್ನು ಕೊಂಡ ಪುಟ್ಟತಾಯಮ್ಮ ಮದ್ದೂರಿನ ಹತ್ತಿರದ ಹಳ್ಳಿಯವಳು. ಮುದ್ದೆ ತಿನ್ನುವ ಮನೆ! ಹಬ್ಬಕ್ಕೊಮ್ಮೆ ಒಬ್ಬಟ್ಟು ಮಾಡಿದರೆ ಉಂಟು, ಇಲ್ಲದಿದ್ದರೆ ನನ್ನನ್ನು ಕೇಳುವವರೇ ಇಲ್ಲ. ಸುಮ್ಮನೆ ಬಿದ್ದಿದ್ದ ನನ್ನನ್ನು ಆಕೆ ಮಗನ ಬೆನ್ನಿಗೆ ಬಾರಿಸಲು ಎತ್ತಿಕೊಂಡಳು. "ಒಂದೇಟು ಬಿದ್ರೆ ದಾರಿಗೆ ಬತ್ತವೆ" ಎನ್ನುತ್ತಿದ್ದಳು. ಸಾಯುವಾಗ ನನ್ನನ್ನೂ ಆ ಮಾತನ್ನೂ ಸೊಸೆ ದೇವೀರಮ್ಮನಿಗೆ ಬಿಟ್ಟುಹೋದಳು.

ದೇವೀರಮ್ಮ ಕೆಟ್ಟವಳೆಂದರೆ, ನನಗೆ ನಾಲಿಗೆ ಇಲ್ಲದಿದ್ದರೂ ಬಿದ್ದುಹೋದೀತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮನೆ ನಡೆಸಿ, ಗ್ರಾಮ ಪಂಚಾಯಿತಿ ಸದಸ್ಯೆಯೂ ಆದವಳು. ಮಗಳು ಸಿಂಚನಳ ಊಟದ ಡಬ್ಬಿಗೆಂದು ದಿನಾ ಬೆಳಿಗ್ಗೆ ಚಪಾತಿ ಲಟ್ಟಿಸುವಳು. ಅಯ್ಯೋ, ಆಗ ನನಗೆಷ್ಟು ಹಿಗ್ಗು! ಆದರೆ ಮಗಳ ಲೆಕ್ಕ ತಪ್ಪಿದರೆ, ಹಾಲು ಉಕ್ಕಿದರೆ, ಇನ್ಯಾರದೋ ಮೇಲೆ ಸಿಟ್ಟು ಬಂದರೆ ಅವಳ ಕೈಗೆ ಸಿಗುತ್ತಿದ್ದವನೂ ನಾನೇ. ಹೊಡೆದಾದ ಮೇಲೆ ಬಾಸುಂಡೆಗೆ ಎಣ್ಣೆ ಹಚ್ಚುತ್ತಾ ಅವಳೇ ಅಳುತ್ತಿದ್ದಳು.

ಆಗ ಟೀವಿಯಲ್ಲಿ ಒಂದೇ ಜಟಾಪಟಿ: ಹೆತ್ತವರು ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಲ್ಲಿ ನಿಷೇಧಿಸಬೇಕೋ ಬೇಡವೋ ಅಂತ. ಆ ಮಾತು ನಮ್ಮೂರಿನ ಮಕ್ಕಳ ಗ್ರಾಮಸಭೆಗೂ ಬಂತು. ವರ್ಷಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ಮಕ್ಕಳೇ ಪಂಚಾಯಿತಿಯವರ ಮುಂದೆ ಬೇಡಿಕೆ ಇಡುವ ಸಭೆ ಅದು. ಅಂದು ಬೆಳಿಗ್ಗೆ ಸಿಂಚನ ಯಾರಿಗೂ ಕಾಣದಂತೆ ನನ್ನನ್ನು ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಳು. ಅರ್ಧ ತೆರೆದ ಜಿಪ್ಪಿನ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು.

ಸಭೆಯಲ್ಲಿ ಬೇರೊಬ್ಬ ಹುಡುಗಿ ಎದ್ದು ಕೇಳಿದಳು: "ಇಸ್ಕೂಲಲ್ಲಿ ಮೇಷ್ಟ್ರು ಹೊಡೆಯಂಗಿಲ್ಲ. ಮನೇಲಿ ಮಾತ್ರ ಯಾಕೆ ಹೊಡೀಬೋದು? ಕಾನೂನು ಮಾಡಿ ಅಂತ ಸರ್ಕಾರಕ್ಕೆ ಬರೀರಿ."

ಗೊಳ್ಳೆಂದು ನಗು. "ನಾವೆಲ್ಲ ಏಟು ತಿಂದೇ ಮನುಷ್ರಾಗಿದ್ದು ಕಣವ್ವ" ಎಂದರು ಅಧ್ಯಕ್ಷ ಬೋರೇಗೌಡರು. "ಹೆತ್ತೋರನ್ನ ಜೈಲಿಗೆ ಹಾಕ್ತೀರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಹಿಂದೆ ನಿಂತಿದ್ದವರು ಯಾರು ಅಂತೀರಿ? ಅಪ್ಪ ಅಮ್ಮಂದಿರೇ! ಮಕ್ಕಳ ಸಭೆಗೆ ಊರಿಗೆ ಊರೇ ಬಂದು ಗೋಡೆಗೊರಗಿ ನಿಲ್ಲುವುದು ನಮ್ಮೂರ ರೂಢಿ. ಅವರೆದುರೇ ಗೌಡರು ಕೇಳಿಬಿಟ್ಟರು: "ಸರಿ, ಯಾರ್ಯಾರಿಗೆ ಮನೇಲಿ ಏಟು ಬೀಳ್ತದೆ? ಕೈ ಎತ್ರಪ್ಪ."

ಒಂದು ಕೈಯೂ ಮೇಲೇಳಲಿಲ್ಲ. ಸಿಂಚನಳ ಬೆರಳುಗಳು ಬ್ಯಾಗಿನೊಳಗೆ ನನ್ನನ್ನು ಬಿಗಿಯಾಗಿ ಹಿಡಿದಿದ್ದವು. ಎತ್ತು ಮಗಳೇ, ನನ್ನನ್ನು ಹೊರಗೆ ತೆಗೆ ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಅವಳು ಪಂಚಾಯಿತಿಯವರ ಸಾಲಿನಲ್ಲಿ ಕೂತಿದ್ದ ಅಮ್ಮನನ್ನು ಒಮ್ಮೆ ನೋಡಿದಳು. ಬೆರಳುಗಳು ಸಡಿಲವಾದವು.

"ನೋಡಿ, ನಮ್ಮೂರಲ್ಲಿ ಆ ಸಮಸ್ಯೆನೇ ಇಲ್ಲ. ಮುಂದಿನ ವಿಷ್ಯ" ಎಂದರು ಗೌಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೇವೀರಮ್ಮನೂ ತಟ್ಟಿದಳು.

ಸಂಜೆ ಊಟದ ಡಬ್ಬಿ ತೆಗೆಯಲು ಅವಳು ಮಗಳ ಬ್ಯಾಗಿಗೆ ಕೈ ಹಾಕಿದರೆ ಸಿಕ್ಕವನು ನಾನು.

"ಇದ್ಯಾಕಮ್ಮಿ ತಗೊಂಡೋಗಿದ್ದೆ?"

"ಸಭೇಲಿ ತೋರ್ಸಣ ಅಂತಿದ್ದೆ." ಸಿಂಚನ ನೆಲ ನೋಡುತ್ತಿದ್ದಳು. "ಆಮೇಲೆ ಎಲ್ರೂ ನಿನ್ನ ಬೈತಾರೆ ಅನ್ನುಸ್ತು ಕಣಮ್ಮ. ಸುಮ್ನಾಗ್ಬುಟ್ಟೆ."

ದೇವೀರಮ್ಮ ನನ್ನನ್ನು ನೆಲಕ್ಕೆ ಬಿಟ್ಟು, ಮಗಳನ್ನು ತಬ್ಬಿಕೊಳ್ಳಲು ಎರಡೂ ಕೈ ಚಾಚಿದಳು. ಸಿಂಚನ ಕಣ್ಣು ಮುಚ್ಚಿ, ತಲೆಗೆ ಎರಡೂ ಕೈ ಅಡ್ಡ ಹಿಡಿದಳು. ಅಷ್ಟೊಂದು ಹೊಡೆತ ಕಂಡ ನನಗೇ ಆಗ ತಡೆಯಲಾಗದಷ್ಟು ಸಂಕಟವಾಯಿತು.

ಅಂದೇ ನನ್ನನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಡಬ್ಬಗಳ ಹಿಂದಕ್ಕೆ ತಳ್ಳಿದಳು. ಮತ್ತೆ ಇಳಿಸಲಿಲ್ಲ. ಈಗ ನನಗೆ ವಯಸ್ಸಾಗಿದೆ, ಮೈಗೆ ಹುಳು ಹಿಡಿದಿದೆ. ಆ ಕಾನೂನು ಬಂತೋ ಇಲ್ಲವೋ, ಸುದ್ದಿ ಇಲ್ಲಿಯವರೆಗೆ ಮುಟ್ಟಿಲ್ಲ. ಈ ಮನೆಯಲ್ಲಂತೂ ಆಮೇಲೆ ಒಂದೇಟೂ ಬಿದ್ದಿಲ್ಲ. ಹೊಡೆಯುವುದನ್ನು ಒಂದೇ ದಿನದಲ್ಲಿ ಬಿಡಬಹುದು ಕಣ್ರೀ. ಆದರೆ ಅದು ಮಗುವಿನ ಮೈಗೆ ಗೊತ್ತಾಗಬೇಕಲ್ಲ?

ಸಿಂಚನ ಈಗ ಅಮ್ಮನಷ್ಟೇ ಎತ್ತರ. ಆದರೂ ಅವಳು ಪಕ್ಕದಲ್ಲಿದ್ದರೆ ದೇವೀರಮ್ಮ ಈ ಹಲಗೆಯ ಮುಂದೆ ಒಂದು ಗಳಿಗೆ ತಡೆಯುತ್ತಾಳೆ. "ಬೇಳೆ ಡಬ್ಬ ತಗೋತೀನಿ ಕಣಮ್ಮಿ" ಎಂದು ಮೆಲ್ಲಗೆ ಹೇಳಿ, ಆಮೇಲೆ ಕೈ ಎತ್ತುತ್ತಾಳೆ.