ತಗಡು ಕಳಚಿದ ಬೇಲಿ

ಥೆಲ್ಮಾ ಟ್ರೆಗಿಯರ್ ಹಿತ್ತಿಲಿನ ಪಡುವಣ ಬೇಲಿಯಿಂದ ತಗಡುಗಳನ್ನು ಒಂದೊಂದಾಗಿ ಕಳಚತೊಡಗಿದಾಗ, ಪಕ್ಕದ ಮನೆಯ ಪರ್ಸಿ ಚಹಾದ ಲೋಟ ಹಿಡಿದುಕೊಂಡೇ ನೋಡಲು ಬಂದ. ಮರುಭೂಮಿಯಂಚಿನ ಆ ಗಣಿಯೂರಿನಲ್ಲಿ ಮರಳು ನುಗ್ಗಿದರೆ ಜನ ಮಾಡುತ್ತಿದ್ದುದು ಒಂದೇ ಕೆಲಸ: ಬೇಲಿಯ ಮೇಲೆ ಇನ್ನೊಂದು ಸಾಲು ತಗಡು ಹೊಡೆಯುವುದು. ಮರುವರ್ಷ ಮರಳು ಅದನ್ನೂ ಹತ್ತಿ ಇಳಿಯುತ್ತಿತ್ತು. ಪರ್ಸಿಯ ಹಿತ್ತಿಲಿನಲ್ಲಿ ನಿಂತರೆ ಈಗ ಆಕಾಶವೊಂದೇ ಕಾಣುತ್ತಿತ್ತು.

“ಏನಮ್ಮಾ ಥೆಲ್ಮಾ, ಮರುಭೂಮೀನ ಒಳಗೆ ಕರೆದು ಚಹಾ ಕೊಡ್ತೀಯಾ?”

ಥೆಲ್ಮಾ ಮುಂದಿನ ತಗಡಿನ ಮೊಳೆಗೆ ಕೈ ಹಾಕಿದಳು. ನಗುವವರ ಭಯ ಅವಳಿಗಿರಲಿಲ್ಲ. ಭಯವಿದ್ದುದು ಗಂಡನ ಅಕ್ಕ ಐವಿಯದು. ಗಂಡ ಕ್ಲಾರಿಯ ಪುಪ್ಪುಸವನ್ನು ಗಣಿಯ ಧೂಳು ಆಗಲೇ ತಿಂದುಹಾಕಿತ್ತು. ಮೇಲೆ ಪ್ರತಿ ಬೇಸಗೆಯ ಮರಳು. ಕಳೆದ ಬೇಸಗೆಯಲ್ಲಿ ಅವನ ಹಾಸಿಗೆಯಿಂದ ಮರಳು ಕೊಡವುತ್ತ ಐವಿ ಖಂಡಿತವಾಗಿ ಹೇಳಿದ್ದಳು: ಬರುವ ಬೇಸಗೆಗೆ, ಫೆಬ್ರವರಿಯಲ್ಲಿ ಬರುತ್ತೇನೆ, ಹಿತ್ತಿಲಿನ ವರಾಂಡದಲ್ಲಿ ಮರಳು ಗುಡ್ಡೆ ಬಿದ್ದಿದ್ದರೆ ತಮ್ಮನನ್ನು ಕಡಲ ದಡದ ನನ್ನೂರು ಅಡಿಲೇಡಿಗೆ ಕರೆದೊಯ್ಯುತ್ತೇನೆ. ವಾದಿಸಲು ಉಸಿರಿಲ್ಲದೆ ಕ್ಲಾರಿ ತಲೆಯಾಡಿಸಿದ್ದ. ಆಮೇಲೆ ಹೆಂಡತಿಯೊಬ್ಬಳೇ ಇದ್ದಾಗ, “ಅಲ್ಲಿ ನನಗೆ ಯಾರಿದಾರೆ ಮಾತಾಡೋಕೆ?” ಎಂದಿದ್ದ.

ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಹಿಂದಿರುಗಿ ಬರುವ ಹೆಂಗಸು ಥೆಲ್ಮಾ. ಅದೇ ಕಣ್ಣಿನಿಂದ ಅವಳು ಮರಳನ್ನು ನೋಡಿದ್ದಳು. ಮೇಕೆಗಳು ಬೋಳಿಸಿದ ಬಯಲಿನಲ್ಲಿ ಅದು ಓಡುತ್ತಿತ್ತು. ಸ್ಮಶಾನದ ತಂತಿಬೇಲಿಯೊಳಗೆ, ಮೇಕೆ ಹೋಗಲಾರದ ಕಡೆ, ಕುರಿ ಮೇಕೆ ಮೇಯುವ ಬೂದುಬಣ್ಣದ ಉಪ್ಪುಪೊದೆ ತಾನಾಗಿ ಬೆಳೆದಿತ್ತು. ಅಲ್ಲಿ ಮರಳು ಪೊದೆಗಳ ಬುಡದಲ್ಲಿ ಕೂತಿದ್ದು ಮತ್ತೆ ಏಳುತ್ತಿರಲಿಲ್ಲ. ತಗಡಿಗೆ ಬಡಿದ ಗಾಳಿ ಮೇಲೆ ಹಾರಿ, ಹೊತ್ತುದನ್ನೆಲ್ಲ ಆಚೆ ಸುರಿಯುತ್ತದೆ. ಪೊದೆಯ ಸಂದಿನಲ್ಲಿ ನುಸುಳಿದ ಗಾಳಿ ಸುಸ್ತಾಗುತ್ತದೆ.

ಹಾಗಾಗಿ ತಗಡಿನ ಜಾಗಕ್ಕೆ ಮೇಕೆ ನುಸುಳದಂಥ ತಂತಿಬಲೆ ಬಂತು. ಅದರ ಹಿಂದೆ ಮೂರು ಸಾಲು ಉಪ್ಪುಪೊದೆ. ಮುಂದಿನ ಸಾಲಿನ ಸಂದಿಗೆ ಎದುರಾಗಿ ಹಿಂದಿನ ಸಾಲಿನ ಗಿಡ. ಬಟ್ಟೆ ಒಗೆದ ನೀರೆಲ್ಲ ಅವಕ್ಕೇ ಹೋಯಿತು. ಮಧ್ಯಾಹ್ನದ ಬಿಸಿಲು ವರಾಂಡದಲ್ಲಿನ ಕ್ಲಾರಿಯ ಕುರ್ಚಿಗೆ ಬೀಳುವ ಮೂಲೆಯಲ್ಲಿ ಜಾಲಿಯ ಜಾತಿಯ ಮಲ್ಗಾ ಮರದ ಒಂದು ಸಸಿ ನೆಟ್ಟಳು. ಮಲ್ಗಾ ಬೆಳೆಯುವುದು ಬಲು ನಿಧಾನ.

“ಇದು ನೆರಳು ಕೊಡೋ ಹೊತ್ತಿಗೆ ನಾನೆಲ್ಲಿರ್ತೀನೇ?” ಎಂದ ಕ್ಲಾರಿ.

“ಇಲ್ಲೇ ಇರ್ತೀಯ. ಅದಕ್ಕೇ ಇಲ್ಲಿ ನೆಟ್ಟಿದ್ದು.”

ಹೀಗೆ ಹೇಳಿದರೂ, ಕಳಚಿದ ತಗಡುಗಳನ್ನು ಅವಳು ಮಾರಲಿಲ್ಲ. ಕೊಟ್ಟಿಗೆಯ ಹಿಂದೆ ಒಟ್ಟಿಟ್ಟಳು. ಚಳಿಗಾಲದ ಗಾಳಿಗೆ ಕೆಲವು ಸಸಿ ಕಿತ್ತುಹೋದಾಗ ಎರಡು ತಗಡು ಎಳೆದು ತಂದು, ನಿಂತು ಯೋಚಿಸಿ, ಮತ್ತೆ ಕೊಟ್ಟಿಗೆಯ ಹಿಂದೆಯೇ ಇಟ್ಟಳು.

ಮರುವರ್ಷದ ಫೆಬ್ರವರಿಗೆ ಪೊದೆಗಳು ಸೊಂಟದೆತ್ತರ ಬಂದಿದ್ದವು. ಐವಿ ರೈಲಿನಿಂದಿಳಿದು ಬಂದವಳೇ, “ಹಿತ್ತಿಲಲ್ಲಿ ಕುರಿ ಮೇವು ಬೆಳೆಸಿದೀಯಲ್ಲೇ” ಎಂದಳು. ಆ ವಾರವೇ ಪಡುವಣ ದಿಕ್ಕಿನಿಂದ ಮರಳಿನ ಕೆಂಪು ಗೋಡೆ ಎದ್ದು ಬಂತು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಮೂವರೂ ಒಳಗೆ ಕುಳಿತರು. ಹೊರಗೆ ಎಲ್ಲಿಯೋ ತಗಡು ಕಿರುಚಿ ಮುರಿದು ಬಿತ್ತು.

ಗಾಳಿ ನಿಂತ ಕೂಡಲೇ ಪೊರಕೆ ಹಿಡಿದು ಐವಿ ಹೊರಗೆ ಹೋದಳು. ಅವಳ ಹಿಂದೆ ಥೆಲ್ಮಾ.

ವರಾಂಡದ ಮೇಲೆ ಹಿಟ್ಟು ಉದುರಿಸಿದಂತೆ ತೆಳ್ಳಗೆ ಕೆಂಧೂಳು, ಅಷ್ಟೆ. ಗುಡ್ಡೆಯೆಲ್ಲ ಮೊದಲ ಸಾಲಿನ ಬುಡದಲ್ಲಿತ್ತು, ಎರಡನೆಯದರಲ್ಲಿ ಹಿಡಿಯಷ್ಟು, ಮೂರನೆಯದರ ಕೆಳಗೆ ಉದುರಿದ ಎಲೆಗಳು ಇನ್ನೂ ಕಾಣುತ್ತಿದ್ದವು. ಪರ್ಸಿಯ ಬೇಲಿ ಅಂಗಾತ ಬಿದ್ದು, ಮರಳು ಅವನ ಅಡುಗೆಮನೆಯ ಕಿಟಕಿ ಮುಟ್ಟಿತ್ತು.

ಕ್ಲಾರಿ ನಿಧಾನವಾಗಿ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಇಬ್ಬರೂ ಹೆಂಗಸರು ಅವನ ಕೆಮ್ಮಿಗಾಗಿ ಕಾದರು. ಅವನು ಬರಿದೆ ಉಸಿರಾಡಿದ.

ಐವಿ ಒಂದು ಸಲ ಗುಡಿಸಿದಳು, ಪೊರಕೆಯನ್ನು ಗೋಡೆಗೆ ಒರಗಿಸಿದಳು. “ವಾಪಸ್ಸಿಗೆ ಒಂದೇ ಟಿಕೆಟ್ ತಗೋತೀನಿ ಬಿಡು,” ಎಂದಳು. ಮತ್ತೆ ಪೊದೆಗಳತ್ತ ತಿರುಗಿ, “ಈ ಕುರಿ ಮೇವು ನಮ್ಮ ಕಡಲ ಗಾಳೀಲಿ ಬದುಕುತ್ತಾ?”

ಥೆಲ್ಮಾ ಜೋರಾಗಿ ನಕ್ಕಳು. ವರ್ಷದಿಂದ ಕಟ್ಟಿಟ್ಟಿದ್ದ ನಗು ಅದು.

ಅಷ್ಟರಲ್ಲಿ ಹುಬ್ಬಿನವರೆಗೂ ಕೆಂಪಾದ ಪರ್ಸಿ ಬಂದು ನಿಂತ. ಅವನಿಗೆ ಅವಳ ಹಾರೆ ಬೇಕಿತ್ತು, ಉಳಿದ ಬೇಲಿಯನ್ನೂ ಕೀಳುವುದಿತ್ತು. ತಗಡುಗಳನ್ನು ಇವಳ ಕೊಟ್ಟಿಗೆಯ ಹಿಂದೆ ಇಡಬಹುದೇ ಎಂದೂ ಕೇಳಿದ.

“ಜಾಗ ಇದೆ ಪರ್ಸಿ,” ಎಂದಳು ಥೆಲ್ಮಾ. “ನನ್ನ ತಗಡು ಇವತ್ತೇ ಮಾರ್ತಿದೀನಿ.”