ಜಾರುವ ಬೆಂಚು

ಮತ್ತೊಮ್ಮೆ ಜಾರಿದಾಗ ಎಂಜಿನಿಯರ್ ಸಾಹೇಬರು ಬೆಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ವಿದ್ಯುತ್ ಚಿತಾಗಾರದ ಅಂಗಳದಲ್ಲಿ ಅವರ ಅತ್ತೆಯ ಶವ ಸರದಿಗೆ ಕಾದಿತ್ತು. ಬಂದವರೆಲ್ಲ ನಿಂತೇ ಇದ್ದರು.

"ಇನ್ನೂ ಎಷ್ಟೊತ್ತಂತೆ?"

"ನಮ್ಮ ಮುಂದೆ ಇನ್ನೂ ಇದಾರೆ," ಎಂದಳು ಹೆಂಡತಿ. "ಆರಾಮಾಗಿ ಕೂತ್ಕೊಳ್ಳಿ. ನಿಮ್ಮದೇ ಬೆಂಚಲ್ವಾ?"

ಊರಿನ ಚೌಕ, ಪಾರ್ಕು, ಬಸ್ ನಿಲ್ದಾಣ, ಚಿತಾಗಾರಕ್ಕೆಲ್ಲ ಈ ಬೆಂಚನ್ನು ಹಾಕಿಸಿದ ಕೀರ್ತಿ ಈ ಮಹಾಶಯರದೇ. ಬೆನ್ನಿಗೆ ಆಸರೆಯಿಲ್ಲ, ನಡುವೆ ಕಂಬಿ, ಮುಂದಕ್ಕೆ ವಾಲಿದ ಹಲಗೆ. ಸೋಮಾರಿಗಳು ಮಲಗಬಾರದಂತೆ. ಮೆತ್ತನೆಯ ತಿರುಗುಕುರ್ಚಿಗಳಲ್ಲಿ ಕುಳಿತವರು ಸಭೆ ಸೇರಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅವರಲ್ಲಿ ಒಬ್ಬನ ಕುಂಡೆಯೂ ಈ ಹಲಗೆಯನ್ನು ಮುಟ್ಟಿರಲಿಲ್ಲ.

\*

ಅತ್ತೆ ಇಸ್ತ್ರಿ ಮಾಡುವವಳು. ಆಯುಷ್ಯವೆಲ್ಲ ನಿಂತೇ ದುಡಿದು ಮಗಳನ್ನು ಓದಿಸಿದಳು. ಸಂಜೆ ಚೌಕದ ಹಳೇ ಮರದ ಬೆಂಚಿಗೆ ಒರಗಿ, ಚಪ್ಪಲಿ ಬಿಟ್ಟು ಕಾಲು ಚಾಚಿದಳೆಂದರೆ, ಬೀಗ ರಿಪೇರಿಯ ಮುದುಕನ ಜೊತೆ ಹರಟೆ ಶುರು.

"ಅವನ ಕಾಲರ್ ನೋಡು, ಇಸ್ತ್ರಿ ಇಲ್ಲ. ಮನೇಲಿ ಜಗಳ," ಎನ್ನುವಳು ದಾರಿಹೋಕನೊಬ್ಬನನ್ನು ತೋರಿಸಿ.

ಆ ಬೆಂಚು ಕಿತ್ತಮೇಲೆ ಅಳಿಯನ ಮನೆಗೆ ಬಂದಳು. ಏನನ್ನಾದರೂ ಕೇಳಿಕೊಂಡು ಬಂದದ್ದು ಅದೊಂದೇ ಸಲ.

"ಊರಿಗೆಲ್ಲ ಬೇಡ, ಅಳಿಯಂದಿರೇ. ನಮ್ಮ ಚೌಕಕ್ಕೆ ಒಂದೇ ಒಂದು ಹಳೇ ಬೆಂಚು ವಾಪಸ್ ಹಾಕ್ಸಿ."

"ಒಂದು ಹಾಕ್ಸಿದ್ರೆ ಊರಿನ ಪೋಲಿಗಳೆಲ್ಲ ಬಂದು ಬಿದ್ಕೋತಾರೆ, ಅತ್ತೆ. ಕೂರಬೇಕು ಅನ್ಸಿದ್ರೆ ಮನೇಲಿ ಕೂತ್ಕೊಳ್ಳಿ."

ಅವಳು ವಾಪಸ್ ಹೋಗಿ ತನ್ನ ಮನೆಯಲ್ಲೇ ಕುಳಿತಳು. ಒಂಟಿ ಕೋಣೆ, ಎದುರಿಗೆ ಗೋಡೆ. ಆಡಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ. ಬರಬರುತ್ತಾ ಮಾತು ನಿಂತಿತು, ಆಮೇಲೆ ಊಟ. ವಯಸ್ಸಾಗಿತ್ತು ಬಿಡಿ ಎಂದರು ಡಾಕ್ಟರು. ಡಾಕ್ಟರಿಗೂ ಒಳ್ಳೆಯ ಕುರ್ಚಿಯಿತ್ತು.

\*

ಸರದಿ ಬಂತು. ಶವ ಒಳಗೆ ಹೋಯಿತು, ಖಾಲಿ ಸ್ಟ್ರೆಚರ್ ಅಂಗಳಕ್ಕೆ ಮರಳಿತು. ಬೀಗ ರಿಪೇರಿಯ ಮುದುಕ ಗೋಡೆಗೊರಗಿ ಮಂಡಿ ನೀವಿಕೊಳ್ಳುತ್ತಿದ್ದ.

"ಕೂತ್ಕೊಳ್ಳಿ ಅಜ್ಜ," ಎಂದಳು ಸಾಹೇಬರ ಹೆಂಡತಿ, ಬೆಂಚು ತೋರಿಸಿ.

"ಇದ್ರ ಮೇಲಾ? ಇದಕ್ಕಿಂತ ಒಳಗೆ ಹೋಗೋದೇ ವಾಸಿ ಕಣಮ್ಮ. ಅಲ್ಲಾದ್ರೂ ನೆಟ್ಟಗೆ ಮಲಗಿಸ್ತಾರೆ."

ಬೂದಿ ಸಿಗಲು ಇನ್ನೂ ಹೊತ್ತಿತ್ತು. ಸಾಹೇಬರಿಗೆ ಸೊಂಟ ಹಿಡಿದಿತ್ತು. ಅತ್ತಿತ್ತ ನೋಡಿದರು. ಇಡೀ ಅಂಗಳದಲ್ಲಿ ಮಟ್ಟಸವಾಗಿದ್ದದ್ದು ಅದೊಂದೇ. ಮೆಲ್ಲನೆ ಹೋಗಿ, ಕರವಸ್ತ್ರ ಹಾಸಿ, ಅತ್ತೆಯನ್ನು ಹೊತ್ತು ತಂದ ಸ್ಟ್ರೆಚರಿನ ಮೇಲೆ ಕುಳಿತರು.

"ಕೂತ್ಕೊಳ್ಳಿ," ಎಂದಳು ಹೆಂಡತಿ, ಎಲ್ಲರಿಗೂ ಕೇಳುವಂತೆ. "ಮಲಗ್ಬೇಡಿ ಅಷ್ಟೆ."

ಜನ ತಿರುಗಿ ನೋಡಿದರು. ಸಾಹೇಬರು ಏಳಲಿಲ್ಲ. ಬಗ್ಗಿ ಶೂ ಬಿಚ್ಚಿ, ಕಾಲು ಚಾಚಿದರು.