ಹಿಂದಿನ ಗಾಜಿನ ಕೆಳಗೆ ಸಂಡಿಗೆ

ಈ ದೇಶಕ್ಕೆ ಬಂದ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡುವುದೇ ನನಗೊಂದು ಚಟವಾಗಿತ್ತು. ನಮ್ಮ ಮನೆಯ ಎರಡು ಕಿಟಕಿಗೂ ಎದುರಿನ ಕಟ್ಟಡ ಅಡ್ಡ. ಬಿಸಿಲು ಧಾರಾಳವಾಗಿ ಬೀಳುತ್ತಿದ್ದುದು ಕೆಳಗೆ ನಿಲ್ಲಿಸಿದ ಕಾರಿನ ಮೇಲೆ. ಅದೂ ನಮ್ಮದಲ್ಲ, ನನ್ನವರು ರಾತ್ರಿ ಪಾಳಿಯಲ್ಲಿ ಓಡಿಸುವ ಟ್ಯಾಕ್ಸಿ. ಒಳಗೆ ಕಲೆ, ವಾಸನೆ ಏನಿದ್ದರೂ ಕೆಲಸವಿಲ್ಲ ಎಂದು ಮಾಲೀಕ ಮೊದಲೇ ಹೇಳಿದ್ದ.

"ಗಾಜು ಮುಚ್ಚಿದ ಕಾರು ಅಂದ್ರೆ ಕಾದ ಹೆಂಚು ಕಣೇ. ಕಾಗೆ ಕಾಟಾನೂ ಇಲ್ಲ," ಎಂದರು ಅತ್ತೆ. ಅಂಗಡಿಯ ಸಂಡಿಗೆ ಪೊಟ್ಟಣದ ಬೆಲೆ ಕೇಳಿದಾಗಿನಿಂದ ಅವರಿಗೆ ಸಮಾಧಾನವಿರಲಿಲ್ಲ.

ಉಳಿದ ಅನ್ನ ರುಬ್ಬಿ ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಸೇರಿಸಿದೆ. ವಾಸನೆಯ ಭಯಕ್ಕೆ ಇಂಗು ಬೇಡವೆಂದೆ. ಬೆಳಿಗ್ಗೆ ನನ್ನವರು ಮಲಗಿದ ಮೇಲೆ ಸಂಡಿಗೆ ಇಟ್ಟ ತಟ್ಟೆಯನ್ನು ಕಾರಿನ ಹಿಂದಿನ ಗಾಜಿನ ಕೆಳಗಿಟ್ಟು ಬಂದೆ. ಗಂಟೆಗೊಮ್ಮೆ ಇಳಿದು ಮುಟ್ಟಿ ನೋಡಿದೆ. ಎರಡನೇ ಸಲಕ್ಕೇ ಅಂಚು ಬಿಟ್ಟಿತ್ತು!

ಸ್ನಾನ ಮುಗಿಸಿ ಮತ್ತೆ ಹೊರಟರೆ ಮೊಳೆಯಲ್ಲಿ ಕಾರಿನ ಬೀಗದ ಕೈ ಇರಲಿಲ್ಲ.

"ಮಾಲೀಕ ಫೋನ್ ಮಾಡಿದ್ದ. ಕಾರು ನೋಡ್ಬೇಕಂತೆ," ಎಂದರು ಅತ್ತೆ. "ಅಂಗಿ ಗುಂಡಿ ಹಾಕ್ಕೊಳ್ತಾನೇ ಓಡ್ದ. ಕೂಗಿದೆ, ಕೇಳಿಸ್ಕೊಂಡ್ರೆ ತಾನೆ?"

"ಸದ್ಯ, ಇಂಗು ಹಾಕಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡರು. "ಒಂದೇ ಒಂದು ಚಿಟಿಕೆ ಹಾಕ್ದೆ. ಇಂಗಿಲ್ದೆ ಅದೇನು ಸಂಡಿಗೆನಾ, ಸುಣ್ಣನಾ?"

ನಾನು ಫೋನ್ ಮಾಡುತ್ತಲೇ ಇದ್ದೆ. ನನ್ನವರು ಫೋನ್ ಎತ್ತಲಿಲ್ಲ. ಎರಡು ಗಂಟೆಯ ನಂತರ ತಟ್ಟೆ ಹಿಡಿದು ಬಂದರು.

"ಮಾಲೀಕ ಕಾರಿನ ಬಾಗಿಲು ತೆಗೆದವನೇ ಮೂಗು ಮುಚ್ಕೊಂಡ. ಇದ್ರಲ್ಲಿ ಯಾರು ಸತ್ತಿದಾರೆ ಅಂತ ಕೇಳ್ದ."

"ಆಮೇಲೆ?" ನಾನು ತಟ್ಟೆ ಇಸಿದುಕೊಂಡೆ.

"ಇದ್ದದ್ದು ಇದ್ದ ಹಾಗೆ ಹೇಳ್ದೆ. ಒಂದನ್ನ ಎತ್ತಿ ತಿರುಗಿಸಿ ತಿರುಗಿಸಿ ನೋಡ್ದ. ಎಣ್ಣೇಲಿ ಎಷ್ಟು ದೊಡ್ಡದಾಗತ್ತೆ ಅಂದ. ನಾಲ್ಕರಷ್ಟು ಅಂದೆ. ನಂಬಲಿಲ್ಲ."

"ನಂಬಲ್ವಾ? ತಾಳು, ಬಾಣಲೆ ಇಡ್ತೀನಿ," ಎಂದು ಅತ್ತೆ ಎದ್ದೇಬಿಟ್ಟರು.

ನನ್ನವರು ಮೇಜಿನ ಮೇಲೆ ಎರಡು ಬೀಗದ ಕೈ ಇಟ್ಟರು. "ಇದು ಟ್ಯಾಕ್ಸೀದು. ಇನ್ನೊಂದ್ಸಲ ವಾಸನೆ ಬಂದ್ರೆ ಕಾರು ಮರೆತುಬಿಡು ಅಂದ. ಇದು ಅವನ ಶೆಡ್ ಹಿಂದೆ ಬಿದ್ದಿರೋ ಎಂಜಿನ್ ಇಲ್ಲದ ವ್ಯಾನಿಂದು. ಒಣಗಿಸೋದಾದ್ರೆ ಅದ್ರಲ್ಲಿ ಒಣಗಿಸು, ಕರಿದು ತಂದು ತೋರ್ಸು ಅಂದ."

ನನ್ನವರ ಕೆಲಸ ಉಳಿದಿತ್ತು. ನಾನು ವ್ಯಾನಿನ ಬೀಗದ ಕೈ ಎತ್ತಿಕೊಂಡೆ. ಆಮೇಲೆ ಕೇಳದೆ ಇರಲಾಗಲಿಲ್ಲ.

"ಆ ವ್ಯಾನಿಗೆ ಎಷ್ಟು ಕಡೆ ಗಾಜಿದೆ?"